ಜಿಎ4 ಬಿಟ್ಟು ಮಟೊಮೊಗೆ ಹೋಗ್ತಿದ್ದೇವೆ. ಎರಡರ ಲೆಕ್ಕ ಕೂಡ್ತಿಲ್ಲ, ಯಾವುದನ್ನು ನಂಬೋದು?

ತದಡಿ_ದೋಣಿ
ಕುಮಟಾ, ಹೊನ್ನಾವರ ಕಡೆಯ ಕೆಲವು ಹೋಂಸ್ಟೇಯವರು ಸೇರಿ ಒಂದೇ ವೆಬ್‌ಸೈಟ್ ಮಾಡಿಕೊಂಡಿದ್ದೇವೆ. ನೋಡಿಕೊಳ್ಳುವ ಕೆಲಸ ನನ್ನ ತಲೆಗೆ ಬಂದಿದೆ. ವರ್ಡ್‌ಪ್ರೆಸ್ ಸೈಟ್. ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ರೂಮಿನ ವಿವರದ ಜೊತೆಗೆ ಯಾಣ, ಅಪ್ಸರಕೊಂಡ, ಕಾಸರಕೋಡಿನ ಕಾಂಡ್ಲಾ ನಡಿಗೆ ಅಂತ ಊರಿನ ಮಾಹಿತಿಯೂ ಇದೆ. ಬುಕಿಂಗ್ ಹೆಚ್ಚಾಗಿ ವಾಟ್ಸಾಪ್ ಬಟನ್ ಒತ್ತಿಯೇ ಬರುತ್ತದೆ. ಕೆಲವರು ಮಾತ್ರ ಸೈಟಿನಲ್ಲೇ ಮುಂಗಡ ಕಟ್ಟುತ್ತಾರೆ.

ಸೈಟಿಗೆ ಎಷ್ಟು ಜನ ಬಂದರು ಅಂತ ಎಣಿಸೋಕೆ ಇಷ್ಟು ದಿನ ಗೂಗಲ್ ಅನಾಲಿಟಿಕ್ಸ್ 4 (ಜಿಎ4) ಇತ್ತು. ಈಗ ಅದೇ ಕೆಲಸಕ್ಕೆ ಮಟೊಮೊ ಹಾಕಿದ್ದೇವೆ, ನಮ್ಮದೇ ಬಾಡಿಗೆ ಸರ್ವರಿನಲ್ಲಿ. ಅತಿಥಿಗಳ ಲೆಕ್ಕ ನಮ್ಮ ಕೈಯಲ್ಲೇ ಇರಲಿ ಅಂತ ಒಂದು ಆಸೆ. ಹೋಂಸ್ಟೇ ನಡೆಸುವವರೇ ತೆರೆದು ನೋಡಿದರೆ ಅರ್ಥವಾಗಬೇಕು ಅಂತ ಇನ್ನೊಂದು. ಜಿಎ4 ತೆರೆದುಕೊಟ್ಟರೆ ನಮ್ಮ ಹಿರಿಯರು ಒಂದು ನಿಮಿಷ ನೋಡಿ ಮೊಬೈಲ್ ನನ್ನ ಕೈಗೇ ವಾಪಸ್ ಕೊಡ್ತಾರೆ.

ಸದ್ಯ ಎರಡೂ ಒಟ್ಟಿಗೆ ಓಡ್ತಿವೆ, ಆದರೆ ಲೆಕ್ಕ ಕೂಡ್ತಿಲ್ಲ. ಒಂದೇ ವಾರಕ್ಕೆ ಮಟೊಮೊ ತೋರಿಸುವ ಭೇಟಿಗಳು ಜಿಎ4ನ ಸೆಷನ್‌ಗಳಿಗಿಂತ ಸುಮಾರು ಕಾಲು ಭಾಗ ಜಾಸ್ತಿ. ಗಂಟೆವಾರು ಗ್ರಾಫ್ ಇನ್ನೂ ವಿಚಿತ್ರ. ಜಿಎ4ನಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ಏರುವ ಗೆರೆ ಮಟೊಮೊದಲ್ಲಿ ಮಧ್ಯಾಹ್ನ ಮೂರು–ನಾಲ್ಕಕ್ಕೆ ಏರುತ್ತದೆ. ಆ ಹೊತ್ತಿಗೆ ಯಾರು ರೂಮ್ ಹುಡುಕ್ತಾರೆ?

ಹೋಂಸ್ಟೇಯವರ ಸಭೆ ಹತ್ತಿರ ಬಂದಿದೆ. ಯಾವ ಅಂಕಿ ಹೇಳಲಿ? ಹಳೆಯ ಜಿಎ4 ಲೆಕ್ಕವನ್ನು ಮಟೊಮೊಗೆ ತರಬಹುದಾ? ಜಿಎ4 ಯಾವಾಗ ತೆಗೆಯಬೇಕು? ಮಾಡಿ ನೋಡಿದವರು ಹೇಳಿ.

ಕಾಳಿ_ಸೇತುವೆ
ಗ್ರಾಫಿನ ವಿಷಯ ಸುಲಭ. ಮಟೊಮೊದಲ್ಲಿ ಸೈಟ್ ಸೇರಿಸುವಾಗ ಟೈಮ್ ಝೋನ್ ಆರಿಸದೆ ಬಿಟ್ಟರೆ ಯುಟಿಸಿಯಲ್ಲೇ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲೇ ಇರುತ್ತದೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ರಾತ್ರಿ ಒಂಬತ್ತು ಅಲ್ಲಿ ಮಧ್ಯಾಹ್ನ ಮೂರೂವರೆ. ಹಾಗಾಗಿ ನಿಮ್ಮ ಮಟೊಮೊದಲ್ಲಿ ದಿನ ಶುರುವಾಗೋದು ಬೆಳಿಗ್ಗೆ 5:30ಕ್ಕೆ.

ಖಾತ್ರಿ ಮಾಡಿಕೊಳ್ಳೋಕೆ ಒಂದು ದಾರಿ ಇದೆ. ಮಟೊಮೊದಲ್ಲಿ ಸರ್ವರ್ ಸಮಯದ ವರದಿ ಬೇರೆ, ನೋಡುಗರ ಸ್ಥಳೀಯ ಸಮಯದ ವರದಿ ಬೇರೆ. ಎರಡನೆಯದು ನೋಡಿ. ಅಲ್ಲಿ ರಾತ್ರಿ ಒಂಬತ್ತೇ ಇರುತ್ತದೆ. ಸೈಟಿನ ಸೆಟ್ಟಿಂಗ್‌ನಲ್ಲಿ ಭಾರತದ ಸಮಯ ಆರಿಸಿ. ಆದರೆ ಅದು ಮುಂದಿನ ಲೆಕ್ಕಕ್ಕೆ ಮಾತ್ರ ಅನ್ವಯ. ಈಗಾಗಲೇ ಬಂದದ್ದು ಹಾಗೇ ಉಳಿಯುತ್ತದೆ.

ಅಪ್ಪೆಮಿಡಿ
ಮಟೊಮೊ ಅಂದ್ರೆ ಹಳೆ ಪಿವಿಕ್ ಅಲ್ವಾ?

ಕಾಳಿ_ಸೇತುವೆ
ಅದೇ. 2007ರಲ್ಲಿ ಪಿವಿಕ್ ಅಂತ ಶುರುವಾಯಿತು, 2018ರಲ್ಲಿ ಹೆಸರು ಬದಲಾಯಿತು. ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಇದ್ದರೆ ಸಾಕು, ನಿಂತುಕೊಳ್ಳುತ್ತದೆ.

ಬಂದರು_ಬುದ್ಧಿ
ನನಗೆ ಒಂದು ಅರ್ಥ ಆಗ್ತಿಲ್ಲ. ಪುಕ್ಕಟೆ ಸಿಗುವುದನ್ನು ಬಿಟ್ಟು ಸರ್ವರ್ ಬಾಡಿಗೆ ಯಾಕೆ ಕೊಡಬೇಕು? ಗೂಗಲ್ ಹುಡುಕಾಟದ ಲೆಕ್ಕ ಕೊಡುವ ಸರ್ಚ್ ಕನ್ಸೋಲ್ ಜೊತೆ ಜಿಎ4 ಸೇರುತ್ತದೆ. ಜಾಹೀರಾತು ಕೊಟ್ಟರೆ ಅದರ ಲೆಕ್ಕವೂ ಅಲ್ಲೇ. ಹಿರಿಯರಿಗೆ ಅರ್ಥವಾಗದಿದ್ದರೆ ಲುಕರ್ ಸ್ಟುಡಿಯೋದಲ್ಲಿ ಒಂದು ಪುಟದ ವರದಿ ಮಾಡಿ ಲಿಂಕ್ ಕಳಿಸಿ. ಮುಗೀತು. ಈಗ ಎಲ್ಲರಿಗೂ ಸ್ವಂತ ಸರ್ವರಿನ ಹುಚ್ಚು.

ತದಡಿ_ದೋಣಿ
ಜಾಹೀರಾತು ಡಿಸೆಂಬರ್ ಹೊತ್ತಿಗೆ ಸ್ವಲ್ಪ ಕೊಡ್ತೇವೆ, ಅಷ್ಟೇ. ಲುಕರ್ ಸ್ಟುಡಿಯೋ ನೋಡಿದ್ದೆ, ಚೆನ್ನಾಗಿಯೇ ಇದೆ. ಆದರೆ ಲೆಕ್ಕ ನಮ್ಮ ಹತ್ತಿರ ಇರಬೇಕು ಅಂತ ಸದಸ್ಯರೇ ಹೇಳಿದ್ದು. ಬಾಡಿಗೆ ಅವರೇ ಕೊಡ್ತಿದ್ದಾರೆ.

ಬಂದರು_ಬುದ್ಧಿ
ಬಾಡಿಗೆ ಕೊಡುವವರು ಬೇರೆಯವರಾದರೆ ನಾನೂ ಸ್ವಂತ ಸರ್ವರ್ ಪರ.

ದೇವಿಮನೆ_ತಿರುವು
ಟೈಮ್ ಝೋನಿನಿಂದ ದಿನದ ಲೆಕ್ಕ ಆಚೀಚೆ ಆಗಬಹುದು. ವಾರದ ಮೊತ್ತ ಕಾಲು ಭಾಗ ಏರೋದಿಲ್ಲ. ಅದಕ್ಕೆ ಬೇರೆ ಕಾರಣ ಇರಬೇಕು.

ಮೊದಲಿಗೆ, ಜಿಎ4ನ ಸೆಷನ್ ಮತ್ತು ಮಟೊಮೊದ ಭೇಟಿ ಒಂದೇ ಅಲ್ಲ. ಎರಡರಲ್ಲೂ ಅರ್ಧ ಗಂಟೆ ಸುಮ್ಮನಿದ್ದರೆ ಮುಗಿಯಿತು ಅಂತ ಲೆಕ್ಕ, ಅಲ್ಲಿಯವರೆಗೆ ಸರಿ. ಮಟೊಮೊ ಮಧ್ಯರಾತ್ರಿ ದಾಟಿದರೆ ಹೊಸ ಭೇಟಿ ಅಂತ ಎಣಿಸುತ್ತದೆ. ಮಧ್ಯದಲ್ಲಿ ಬೇರೆ ಜಾಹೀರಾತಿನ ಲಿಂಕ್ ಒತ್ತಿ ಬಂದರೂ ಹೊಸ ಭೇಟಿಯೇ. ಜಿಎ4 ಎರಡು ಸಲವೂ ಹಳೆಯ ಸೆಷನನ್ನೇ ಮುಂದುವರಿಸುತ್ತದೆ. ಜಿಎ4ಗಿಂತ ಮೊದಲು ಗೂಗಲ್ ಕೊಡ್ತಿದ್ದ ಯೂನಿವರ್ಸಲ್ ಅನಾಲಿಟಿಕ್ಸ್ ಈ ವಿಷಯದಲ್ಲಿ ಮಟೊಮೊದ ಹಾಗೇ ಇತ್ತು. ಅದಕ್ಕೇ ಆಗಿನ ಅಂಕಿ ನೋಡಿ ಅಭ್ಯಾಸವಾದವರಿಗೆ ಜಿಎ4 ಕಡಿಮೆ ತೋರಿಸಿದಂತೆ ಅನಿಸಿತ್ತು.

ಇದರಿಂದ ಆಗೋದು ಸಣ್ಣ ವ್ಯತ್ಯಾಸ. ದೊಡ್ಡದಕ್ಕೆ ಎರಡು ಜಾಗ ನೋಡಿ. ಸೈಟಿನಲ್ಲಿ ಅನುಮತಿ ಕೇಳುವ ಕುಕೀ ಬ್ಯಾನರ್ ಇದ್ಯಾ? ಇದ್ದರೆ ಅದು ಜಿಎ4 ಟ್ಯಾಗನ್ನು, ಅಂದರೆ ಪುಟದಲ್ಲಿ ಕೂರಿಸಿದ ಎಣಿಕೆಯ ಕೋಡನ್ನು, ಮಾತ್ರ ಹಿಡಿದಿಟ್ಟು, ಮಟೊಮೊವನ್ನು ಬಿಟ್ಟಿರಬಹುದು. ಬ್ಯಾನರಿಗೆ ಉತ್ತರ ಕೊಡದೆ ಸುಮ್ನೆ ಓದಿ ಹೋಗುವವರು ತುಂಬಾ ಜನ. ಅವರೆಲ್ಲ ಮಟೊಮೊದಲ್ಲಿ ಇರ್ತಾರೆ, ಜಿಎ4ನಲ್ಲಿ ಇರೋದಿಲ್ಲ.

ಎರಡನೆಯದು, ಟ್ಯಾಗ್ ಎರಡು ಸಲ ಕೂತಿದೆಯಾ ಅಂತ. ಥೀಮಿನ ಹೆಡರಿನಲ್ಲಿ ಒಂದು, ಪ್ಲಗಿನ್‌ನಲ್ಲಿ ಇನ್ನೊಂದು ಇರೋದು ಮಾಮೂಲು. ಬ್ರೌಸರಿನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಪುಟಕ್ಕೆ ಹೋಗಿ ಸೈಟನ್ನು ರಿಫ್ರೆಶ್ ಮಾಡಿ. matomo.php ಅನ್ನೋ ಕರೆ ಒಂದು ಪುಟಕ್ಕೆ ಒಂದೇ ಸಲ ಹೋಗಬೇಕು. ಎರಡು ಹೋದರೆ ಪುಟವೀಕ್ಷಣೆ ಎರಡರಷ್ಟು ಕಾಣುತ್ತದೆ. ಹಾಗೇ ಪುಟಗಳ ನಕಲು ಇಟ್ಟುಕೊಳ್ಳುವ ಕ್ಯಾಶ್ ಪ್ಲಗಿನ್ ಇದ್ದರೆ ಖಾಲಿ ಮಾಡಿ. ಹಳೆಯ ಪುಟಗಳಲ್ಲಿ ಹೊಸ ಟ್ಯಾಗ್ ಬಂದೇ ಇರೋದಿಲ್ಲ.

ಗುಡೇಅಂಗಡಿ
ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಕೂಡ ಸೇರಿಸಿ. ಅವು ಗೂಗಲ್ ಅನಾಲಿಟಿಕ್ಸ್ ಕರೆಯನ್ನು ತಡೀತವೆ.

ದೇವಿಮನೆ_ತಿರುವು
ಅವು ಮಟೊಮೊವನ್ನೂ ತಡೀತವೆ. ಸ್ವಂತ ಡೊಮೇನ್‌ನಲ್ಲಿದ್ದರೂ ಫೈಲಿನ ಹೆಸರು ನೋಡಿ ಹಿಡೀತವೆ. ಸ್ವಂತ ಸರ್ವರ್ ಅಂದ ಕೂಡಲೇ ಎಲ್ಲರೂ ಲೆಕ್ಕಕ್ಕೆ ಸಿಗ್ತಾರೆ ಅನ್ನೋದು ಸುಳ್ಳು. ನಮ್ಮ ಕಡೆ ಮೊಬೈಲಿನಲ್ಲೇ ನೋಡುವವರು ಜಾಸ್ತಿ, ಅಲ್ಲಿ ಎಕ್ಸ್‌ಟೆನ್ಶನ್ ಹಾಕಿಕೊಂಡವರು ಅಪರೂಪ. ಅದೊಂದು ಸಮಾಧಾನ.

ಅಡಿಕೆ_ಚೀಲ
ಸಿರ್ಸಿಯಿಂದ. ನಮ್ಮದು ಬೇರೆ ತರದ ಗೋಳು. ಅಡಿಕೆ ಧಾರಣೆ ಹಾಕುವ ಒಂದು ಪುಟ ಇದೆ. ಜನ ಬರ್ತಾರೆ, ರಾಶಿ ಎಷ್ಟು, ಚಾಲಿ ಎಷ್ಟು, ಬೆಟ್ಟೆ ಎಷ್ಟು ನೋಡ್ತಾರೆ, ಹೋಗ್ತಾರೆ. ಏಳೆಂಟು ಸೆಕೆಂಡಿನ ಕೆಲಸ. ಅವನಿಗೆ ಬೇಕಾದ್ದು ಸಿಕ್ಕಿತು, ನಾಳೆ ಮತ್ತೆ ಬರ್ತಾನೆ. ಜಿಎ4 ಲೆಕ್ಕದಲ್ಲಿ ಅವನು ಬೌನ್ಸ್, ಅಂದರೆ ಬಂದ ಹಾಗೇ ಹೋದವನು. ಹತ್ತು ಸೆಕೆಂಡ್ ಕೂರಬೇಕು, ಇಲ್ಲವೇ ಎರಡು ಪುಟ ನೋಡಬೇಕು, ಇಲ್ಲವೇ ನಾವು ಮುಖ್ಯ ಅಂತ ಗುರುತಿಸಿದ ಬಟನ್ ಒತ್ತಬೇಕು. ಆಗಲೇ ಅವನನ್ನು ಎಂಗೇಜ್ಡ್ ಅಂತಾರೆ.

ಸೈಟಿನ ಖರ್ಚು ಕೊಡುವವರು ವರದಿ ನೋಡಿ, "ಬಂದವರೆಲ್ಲ ಓಡಿಹೋಗ್ತಿದ್ದಾರಲ್ಲ, ಸೈಟಿನಲ್ಲಿ ಎಂತ ತೊಂದರೆ?" ಅಂತ ಕೇಳ್ತಾರೆ. ಒಬ್ಬರಂತೂ ಧಾರಣೆಯನ್ನು ಎರಡನೇ ಪುಟದಲ್ಲಿ ಹಾಕಿ ಅಂದರು. ಒಂದು ಕ್ಲಿಕ್ ಜಾಸ್ತಿ ಸಿಗ್ತದಂತೆ!

ಬಂದರು_ಬುದ್ಧಿ
ಆ ಹತ್ತು ಸೆಕೆಂಡನ್ನು ಬದಲಿಸಬಹುದು ಮಾರಾಯ್ರೆ. ಸೆಟ್ಟಿಂಗ್ ಇದೆ.

ಅಡಿಕೆ_ಚೀಲ
ಹತ್ತರಿಂದ ಅರವತ್ತಕ್ಕೆ ಏರಿಸಬಹುದು. ಇಳಿಸೋಕೆ ಬರೋದಿಲ್ಲ. ನೋಡಿಯೇ ಹೇಳ್ತಿದ್ದೇನೆ.

ದೇವಿಮನೆ_ತಿರುವು
ಮಟೊಮೊದಲ್ಲಿ ಇದು ಸರಿಹೋಗುತ್ತದೆ ಅಂತ ಮಾತ್ರ ಅಂದುಕೊಳ್ಳಬೇಡಿ. ಅಲ್ಲಿ ಒಂದೇ ಪುಟ ನೋಡಿ ಹೋದರೆ ಅದು ಬೌನ್ಸ್, ಅರ್ಧ ಗಂಟೆ ಓದಿದರೂ ಬೌನ್ಸೇ. ಅದರ ಮೇಲೆ ಸಮಯ ಸೊನ್ನೆ ಅಂತ ತೋರಿಸುತ್ತದೆ, ಯಾಕೆಂದರೆ ಎರಡನೇ ಪುಟ ತೆರೆದಾಗಲೇ ಅದಕ್ಕೆ ಮೊದಲನೆಯದರ ಸಮಯ ಗೊತ್ತಾಗೋದು. ಹಾರ್ಟ್‌ಬೀಟ್ ಟೈಮರ್ ಅಂತ ಒಂದು ಸಾಲು ಸೇರಿಸಿದರೆ ಕೊನೆಯ ಪುಟದ ಸಮಯವೂ ಸಿಗುತ್ತದೆ. ಧಾರಣೆ ಪುಟಕ್ಕೆ ಬೌನ್ಸ್ ರೇಟ್ ನೋಡೋದೇ ತಪ್ಪು. ಮತ್ತೆ ಮತ್ತೆ ಬರುವವರು ಎಷ್ಟು ಅಂತ ನೋಡಿ, ಖರ್ಚು ಕೊಡುವವರಿಗೂ ಅದನ್ನೇ ತೋರಿಸಿ.

ಸುಮ್ನೆ_ಓದ್ತೇನೆ
ಅಂದಹಾಗೆ ಇವತ್ತು ಚಾಲಿ ಎಷ್ಟು?

ಅಡಿಕೆ_ಚೀಲ
ಇಲ್ಲಿ ಕೇಳಬೇಡ ತಮ್ಮಾ. ಸೈಟ್ ತೆರೆದು ನೋಡು. ಹನ್ನೊಂದು ಸೆಕೆಂಡ್ ಇದ್ದು ಹೋಗು.

ಮಾರಿಗುಡಿ_ಬೀದಿ
ಹಳೆಯ ಲೆಕ್ಕ ತರೋದರ ಬಗ್ಗೆ ಕೇಳಿದ್ದೀರಿ, ಆ ಬಗ್ಗೆ ಒಂದು ಮಾತು. ನಮ್ಮದು ಸಿರ್ಸಿಯ ಲಾಡ್ಜ್ ಸೈಟ್. ಇಲ್ಲಿ ಹೋದ ವರ್ಷಕ್ಕೂ ಈ ವರ್ಷಕ್ಕೂ ಹೋಲಿಸಿದರೆ ಎಂತ ಪ್ರಯೋಜನವೂ ಇಲ್ಲ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. 2022ರ ಮಾರ್ಚ್‌ಗೆ 2024ರ ಮಾರ್ಚ್ ಹೋಲಿಸಬೇಕು. 2023ರ ಮಾರ್ಚ್ ಜೊತೆ ಹೋಲಿಸಿದರೆ ಗ್ರಾಫ್ ಆಕಾಶಕ್ಕೆ ಹಾರುತ್ತದೆ.

2022ರ ಜಾತ್ರೆಯ ಲೆಕ್ಕ ಯೂನಿವರ್ಸಲ್ ಅನಾಲಿಟಿಕ್ಸ್‌ನಲ್ಲಿತ್ತು. ಅದು 2023ರ ಜುಲೈ 1ಕ್ಕೆ ಹೊಸ ಲೆಕ್ಕ ತಗೊಳ್ಳೋದು ನಿಲ್ಲಿಸಿತು. 2024ರ ಜುಲೈ 1ರಿಂದ ಹಳೆಯದನ್ನು ನೋಡುವ ದಾರಿಯೂ ಮುಚ್ಚಿತು. ಅಷ್ಟರೊಳಗೆ ಎಕ್ಸೆಲ್‌ಗೆ ಇಳಿಸಿಕೊಂಡವರ ಹತ್ತಿರ ಮಾತ್ರ ಉಳಿದಿದೆ. ಜಿಎ4ನಲ್ಲೂ ಹದಿನಾಲ್ಕು ತಿಂಗಳಾದ ಮೇಲೆ ಎಲ್ಲ ಅಳಿಸಿ ಹೋಗ್ತದೆ. ಅಂದರೆ ಜಾತ್ರೆಯಿಂದ ಜಾತ್ರೆಗೆ ಹೋಲಿಸೋಕೆ ಆಗೋದೇ ಇಲ್ಲ. ಮಟೊಮೊಗೆ ಹೋಗೋದೇ ಸರಿ.

ಕಾಳಿ_ಸೇತುವೆ
ಅರ್ಧ ಸರಿ. ಹದಿನಾಲ್ಕು ತಿಂಗಳ ಮಿತಿ ಎಕ್ಸ್‌ಪ್ಲೊರೇಶನ್‌ಗಳಿಗೆ, ಅಂದರೆ ನಾವೇ ಕಟ್ಟಿಕೊಳ್ಳುವ ವಿಶೇಷ ವರದಿಗಳಿಗೆ. ಎಡಗಡೆ ಇರುವ ಮಾಮೂಲಿ ವರದಿಗಳ ಒಟ್ಟು ಅಂಕಿಗೆ ಆ ಮಿತಿ ಇಲ್ಲ. ಎರಡು ವರ್ಷ ಹಿಂದಿನ ಮಾರ್ಚ್‌ನಲ್ಲಿ ಎಷ್ಟು ಜನ ಬಂದರು ಅಂತ ಜಿಎ4 ಈಗಲೂ ಹೇಳುತ್ತದೆ. ಅವರಲ್ಲಿ ಎಷ್ಟು ಜನ ಜಾತ್ರೆ ಪುಟ ನೋಡಿ, ಆಮೇಲೆ ರೂಮಿನ ಪುಟಕ್ಕೆ ಹೋದರು ಅನ್ನೋ ತರದ ಪ್ರಶ್ನೆಗೆ ಉತ್ತರ ಸಿಗೋದಿಲ್ಲ.

ಮತ್ತೊಂದು. ಎಲ್ಲರಿಗೂ ಹದಿನಾಲ್ಕು ತಿಂಗಳೂ ಇರೋದಿಲ್ಲ. ಮೊದಲಿಗೆ ಅದು ಎರಡೇ ತಿಂಗಳಿಗೆ ಇರುತ್ತದೆ. ನಾವೇ ಹೋಗಿ ಬದಲಿಸಬೇಕು. ಇದನ್ನು ಓದುತ್ತಿರುವವರು ಇವತ್ತೇ ಒಮ್ಮೆ ನೋಡಿಕೊಳ್ಳಿ.

ಮಾರಿಗುಡಿ_ಬೀದಿ
ಓ, ಮಾಮೂಲಿ ವರದಿಯಲ್ಲಿ ಉಳಿಯುತ್ತದೆ ಅನ್ನೋದು ಗೊತ್ತಿರಲಿಲ್ಲ. ಆದರೂ ನನಗೆ ಬೇಕಾದ ಪ್ರಶ್ನೆ ಆ ಎರಡನೆಯದೇ. ಜಾತ್ರೆ ತಾರೀಕು ಹುಡುಕಿ ಬರುವವರೇ ಸಾವಿರ ಜನ. ರೂಮ್ ಬೇಕಾದವರು ಅದರಲ್ಲಿ ಯಾರು ಅಂತ ಗೊತ್ತಾಗಬೇಕು.

ಗುಡೇಅಂಗಡಿ
ಹಾಗಾದರೆ ಗೂಗಲ್‌ನ ಡೇಟಾ ಗೋದಾಮಾದ ಬಿಗ್‌ಕ್ವೆರಿಗೆ ಜೋಡಿಸಿ. ದಿನಕ್ಕೆ ಹತ್ತು ಲಕ್ಷ ಇವೆಂಟ್‌ಗಳವರೆಗೆ ಪುಕ್ಕಟೆ ಹೋಗುತ್ತದೆ. ಲಾಡ್ಜ್ ಸೈಟಿಗೆ ಧಾರಾಳ ಸಾಕು.

ಕಾಳಿ_ಸೇತುವೆ
ಜೋಡಿಸಿದ ದಿನದಿಂದ ಮಾತ್ರ. ಹಿಂದಿನದು ಬರೋದಿಲ್ಲ. ಮತ್ತೆ ಕಾರ್ಡ್ ಕೊಡದೆ ಸ್ಯಾಂಡ್‌ಬಾಕ್ಸ್ ಅನ್ನೋ ಪುಕ್ಕಟೆ ಬಗೆಯಲ್ಲಿ ಇಟ್ಟರೆ ಅರವತ್ತು ದಿನ ಕಳೆದ ಟೇಬಲ್‌ಗಳು ತಾವಾಗಿಯೇ ಹೋಗ್ತವೆ. ಬಿಲ್ಲಿಂಗ್ ಚಾಲೂ ಮಾಡಿ, ಆ ಅವಧಿಯ ಮಿತಿಯನ್ನು ತೆಗೆದುಹಾಕಿ. ಹತ್ತು ಜಿಬಿ ಒಳಗೆ ಇದ್ದರೆ ಇಡೋಕೆ ದುಡ್ಡು ಬೀಳೋದಿಲ್ಲ.

ಬಂದರು_ಬುದ್ಧಿ
ನೋಡಿ, ಕೊನೆಗೆ ಎಲ್ಲರೂ ಗೂಗಲ್ ಮನೆಗೇ ಬಂದ್ರಿ.

ತದಡಿ_ದೋಣಿ
ತಿರುಗಿ ಬಂದೆ. ಟೈಮ್ ಝೋನ್ ಯುಟಿಸಿಯೇ ಆಗಿತ್ತು. ಬದಲಿಸಿದೆ. ಸ್ಥಳೀಯ ಸಮಯದ ವರದಿಯಲ್ಲಿ ಗೆರೆ ಸರಿಯಾಗಿ ರಾತ್ರಿ ಒಂಬತ್ತಕ್ಕೇ ಏರಿದೆ. ಕಾಳಿ ಅಣ್ಣ ಹೇಳಿದ್ದು ಅಚ್ಚುಕಟ್ಟಾಗಿ ಹೊಂದಿತು.

ಕುಕೀ ಬ್ಯಾನರೂ ಅದೇ ಕತೆ. ಪ್ಲಗಿನ್ ಜಿಎ4ನ್ನು ಗುರುತು ಹಿಡಿದು ತಡೆಯುತ್ತದೆ. ಮಟೊಮೊ ಹೆಸರು ಅದರ ಪಟ್ಟಿಯಲ್ಲಿ ಇಲ್ಲ. ಪರೀಕ್ಷೆಗೆ ಅಂತ ಎರಡನ್ನೂ ಬ್ಯಾನರಿನ ಹಿಂದೆ ಹಾಕಿ ನೋಡಿದೆ. ವ್ಯತ್ಯಾಸ ತುಂಬಾ ಕಡಿಮೆಯಾಯಿತು. ಪೂರ್ತಿ ಹೋಗಲಿಲ್ಲ.

ದೇವಿಮನೆ_ತಿರುವು
ಪೂರ್ತಿ ಹೋಗೋದೇ ಇಲ್ಲ. ಅದರ ಹಿಂದೆ ಬೀಳಬೇಡಿ. ದಿನದಿಂದ ದಿನಕ್ಕೆ ಅಂತರ ಒಂದೇ ರೀತಿ ಇದ್ಯಾ ಅಂತ ಮಾತ್ರ ನೋಡಿ. ಒಂದು ದಿನ ಸ್ವಲ್ಪ, ಮರುದಿನ ಎರಡರಷ್ಟು ಆದರೆ ಆಗ ಎಲ್ಲೋ ಟ್ಯಾಗ್ ಬಿಟ್ಟುಹೋಗಿದೆ. ಜಿಎ4 ಅಂಕಿ ಗಟ್ಟಿಯಾಗೋಕೆ ಒಂದೆರಡು ದಿನ ಹಿಡಿಯುತ್ತದೆ. ನಿನ್ನೆಯದನ್ನು ಇವತ್ತೇ ಹೋಲಿಸಬೇಡಿ.

ಹೊನ್ನಾವರ_ಅಕ್ಕ
ಸೈಟ್ ಅರ್ಧ ಕನ್ನಡ ಅಂದ್ರಲ್ಲ, ಪುಟದ ವಿಳಾಸವೂ ಕನ್ನಡದಲ್ಲಿ ಇಟ್ಟಿದ್ದೀರಾ? ಹಾಗಿದ್ದರೆ ಈಗಲೇ ಒಂದು ಕಣ್ಣು ಹಾಕಿ.

ಕಂಪ್ಯೂಟರ್ ಅಕ್ಷರ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದು ಚಿಹ್ನೆ ಮೂರು ಬೈಟ್. ವಿಳಾಸದಲ್ಲಿ ಅದು ಶೇಕಡಾ ಗುರುತಿನ ಸಂಕೇತವಾದಾಗ ಒಂಬತ್ತು ಅಕ್ಷರ. ಒತ್ತು, ಗುಣಿತ ಎಲ್ಲ ಬೇರೆ ಬೇರೆ ಎಣಿಕೆ. ವರ್ಡ್‌ಪ್ರೆಸ್‌ನಲ್ಲಿ ಪುಟದ ಹೆಸರಿನ ಜಾಗಕ್ಕೆ ಇನ್ನೂರು ಅಕ್ಷರದ ಮಿತಿ. ಲೆಕ್ಕ ಹಾಕಿ, ಇಪ್ಪತ್ತೆರಡು ಚಿಹ್ನೆ ಆಗುವಷ್ಟರಲ್ಲಿ ಕತ್ತರಿಸಿ ಹೋಗುತ್ತದೆ. "ಅಪ್ಸರಕೊಂಡ ಜಲಪಾತಕ್ಕೆ ಹೋಗುವ ದಾರಿ" ಅಂತ ಇಟ್ಟರೆ "ಹೋಗುವ" ಮುಗಿಯೋದರೊಳಗೆ ಜಾಗ ಖಾಲಿ. ಆ ಮೇಲೆ ಅದೇ ಅಕ್ಷರಗಳಿಂದ ಶುರುವಾಗುವ ಎರಡನೇ ಪುಟ ಬರೆದರೆ ಕೊನೆಗೆ ಸುಮ್ನೆ ಒಂದು 2 ಅಂಟಿಸುತ್ತದೆ. ವರದಿಯಲ್ಲಿ ಯಾವ ಪುಟ ಯಾವುದು ಅಂತ ಯಾರಿಗೂ ಗೊತ್ತಾಗೋದಿಲ್ಲ.

ಜಿಎ4ನ ಪುಟದ ವಿಳಾಸದ ಕಾಲಮ್ಮಿನಲ್ಲಿ ಶೇಕಡಾ ಗುರುತುಗಳ ಸಾಲೇ ಕಾಣುತ್ತದೆ. ನಾನು ಪುಟದ ಶೀರ್ಷಿಕೆ ನೋಡಿ ಕೆಲಸ ಮಾಡ್ತೇನೆ. ಆದರೆ ಶೀರ್ಷಿಕೆ ತಿದ್ದಿದರೆ ಅದು ಬೇರೆ ಪುಟ ಅಂತ ಎರಡು ಸಾಲಾಗುತ್ತದೆ. ಹಾಗಾಗಿ ಹೊಸ ಪುಟಗಳಿಗೆ ವಿಳಾಸ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಇಡ್ತೇನೆ. ಬರಹ ಕನ್ನಡದ್ದೇ.

ಅಪ್ಪೆಮಿಡಿ
ವಿಳಾಸ ಇಂಗ್ಲಿಷಿನಲ್ಲಿ ಇಡಿ ಅನ್ನೋದು ಸೋಲೊಪ್ಪಿಕೊಂಡ ಹಾಗೆ ಅಲ್ವಾ ಅಕ್ಕಾ?

ಹೊನ್ನಾವರ_ಅಕ್ಕ
ಸೋಲಲ್ಲ ಮಾರಾಯಾ. ವಾಟ್ಸಾಪಿನಲ್ಲಿ ಕಳಿಸಿದಾಗ ಅರ್ಧ ಪರದೆ ಶೇಕಡಾ ಗುರುತು ತುಂಬಿದ್ದರೆ ಯಾರೂ ಒತ್ತೋದಿಲ್ಲ. ವೈರಸ್ ಅಂತ ತಿಳೀತಾರೆ. ನಿನ್ನ ಸೈಟಿನಲ್ಲಿ ಕನ್ನಡವೇ ಇರಲಿ, ಎರಡು ಪದಕ್ಕೆ ನಿಲ್ಲಿಸು.

ಗುಡೇಅಂಗಡಿ
ಸಿಎಸ್‌ವಿ ಇಳಿಸಿ ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡವೆಲ್ಲ ಚಿತ್ರವಿಚಿತ್ರ ಅಕ್ಷರ ಆಗ್ತದಲ್ಲ, ಅದಕ್ಕೂ ಏನಾದ್ರೂ ಹೇಳಿ ಅಕ್ಕಾ.

ಹೊನ್ನಾವರ_ಅಕ್ಕ
ಫೈಲಿನ ಮೇಲೆ ಎರಡು ಸಲ ಒತ್ತಿ ತೆರೆಯಬೇಡಿ. ಎಕ್ಸೆಲ್ ಖಾಲಿ ಪುಟ ತೆರೆದು, ಡೇಟಾ ಮೆನುವಿನಿಂದ ಸಿಎಸ್‌ವಿ ತರಿಸಿ. ಅಲ್ಲಿ ಅಕ್ಷರದ ಬಗೆ ಕೇಳುತ್ತದೆ, 65001 ಯುಟಿಎಫ್-8 ಆರಿಸಿ. ಗೂಗಲ್ ಶೀಟ್ಸ್‌ನಲ್ಲಿ ತೆರೆದರೆ ಈ ರಗಳೆ ಇಲ್ಲ.

ಸುಮ್ನೆ_ಓದ್ತೇನೆ
ನಮ್ಮ ಆಫೀಸಿನಲ್ಲಿ ಹಾಗೆ ಆದಾಗ "ನುಡಿ ಫಾಂಟ್ ಹಾಕಿ ನೋಡಿ" ಅಂತ ಹೇಳಿದ್ರು. ಹಾಕಿದ್ವಿ. ಇನ್ನೂ ವಿಚಿತ್ರ ಆಯಿತು.

ಕಾಳಿ_ಸೇತುವೆ
@ತದಡಿ_ದೋಣಿ ಹಳೆಯದನ್ನು ತರುವ ಪ್ರಶ್ನೆ ಉಳಿದುಹೋಯಿತು. ಮಟೊಮೊಗೆ ಗೂಗಲ್ ಅನಾಲಿಟಿಕ್ಸ್ ಇಂಪೋರ್ಟರ್ ಅಂತ ಪ್ಲಗಿನ್ ಇದೆ. ಜಿಎ4ನ ಎಪಿಐ ಮೂಲಕ ದಿನವಾರು ವರದಿ ಎಳೆದು ತರುತ್ತದೆ. ದಿನಕ್ಕೆ ಇಷ್ಟೇ ಕೇಳಬಹುದು ಅಂತ ಗೂಗಲ್ ಕಡೆಯಿಂದ ಮಿತಿ ಇರೋದರಿಂದ ನಿಧಾನ. ಹಚ್ಚಿಟ್ಟು ಬಿಟ್ಟುಬಿಡಿ, ತಾನೇ ಮುಂದುವರಿಯುತ್ತದೆ.

ಬರೋದು ಒಟ್ಟು ಅಂಕಿ ಮಾತ್ರ. ಒಬ್ಬೊಬ್ಬ ನೋಡುಗ ಏನು ಮಾಡಿದ ಅನ್ನೋ ಪಟ್ಟಿ ಬರೋದಿಲ್ಲ. ಹಳೆಯ ದಿನಗಳಿಗೆ ಸೆಗ್ಮೆಂಟ್ ಹಾಕೋಕೂ, ಅಂದರೆ ನೋಡುಗರನ್ನು ಗುಂಪು ಮಾಡಿ ನೋಡೋಕೂ ಆಗೋದಿಲ್ಲ. ಮತ್ತೆ ದಯವಿಟ್ಟು ಅದನ್ನು ಬೇರೆ ಸೈಟ್ ಅಂತ ಇಟ್ಟು ತರಿಸಿ, ಈಗ ಓಡುತ್ತಿರುವುದರ ಜೊತೆ ಸೇರಿಸಬೇಡಿ. ಎರಡರ ಎಣಿಕೆಯ ಕ್ರಮವೇ ಬೇರೆ. ಸೇರಿಸಿದರೆ ಬದಲಿಸಿದ ದಿನದಂದು ಗ್ರಾಫ್‌ನಲ್ಲಿ ಒಂದು ಮೆಟ್ಟಿಲು ಕಾಣುತ್ತದೆ. ಮುಂದೆ ಯಾರೋ ಅದನ್ನು ತೋರಿಸಿ "ಆ ತಿಂಗಳು ಒಳ್ಳೇ ವ್ಯಾಪಾರ" ಅಂತಾರೆ.

ನೇತ್ರಾಣಿ_ನೀರು
ಮುರ್ಡೇಶ್ವರದಿಂದ. ನಮ್ಮದೂ ಪ್ರವಾಸದ ಸೈಟೇ. ನನ್ನ ತಕರಾರು ಡೈರೆಕ್ಟ್ ಅನ್ನೋ ಗುಂಪಿನ ಬಗ್ಗೆ. ಅರ್ಧಕ್ಕಿಂತ ಜಾಸ್ತಿ ಜನ ಡೈರೆಕ್ಟ್ ಅಂತ ತೋರಿಸ್ತದೆ. ಅಷ್ಟೊಂದು ಜನ ನಮ್ಮ ಉದ್ದದ ವಿಳಾಸವನ್ನು ಬಾಯಿಪಾಠ ಮಾಡಿ ಟೈಪ್ ಮಾಡ್ತಾರಾ? ಮಟೊಮೊಗೆ ಹೋದರೆ ಇದು ಸರಿ ಆಗ್ತದಾ?

ದೇವಿಮನೆ_ತಿರುವು
ಆಗೋದಿಲ್ಲ. ಅವರು ವಾಟ್ಸಾಪ್‌ನಿಂದ ಬಂದವರು. ವಾಟ್ಸಾಪ್ ಆ್ಯಪ್‌ನಿಂದ ಲಿಂಕ್ ತೆರೆದಾಗ ಎಲ್ಲಿಂದ ಬಂದರು ಅನ್ನೋ ಮಾಹಿತಿ ಸಾಮಾನ್ಯವಾಗಿ ಜೊತೆಗೆ ಬರೋದಿಲ್ಲ. ಯಾವ ಟೂಲ್ ಆದರೂ ಡೈರೆಕ್ಟ್ ಅಂತಲೇ ಹಾಕುತ್ತದೆ. ನೀವು ಗುಂಪುಗಳಿಗೆ ಕಳಿಸುವ ಲಿಂಕಿನ ಕೊನೆಗೆ ಯುಟಿಎಂ ಬಾಲ, ಅಂದರೆ ಎಲ್ಲಿಂದ ಬಂದರು ಅಂತ ಹೇಳುವ ಗುರುತು ಸೇರಿಸಿ. ಬಸ್‌ಸ್ಟ್ಯಾಂಡಿನ ಬೋರ್ಡಿನ ಕ್ಯೂಆರ್‌ಗೆ ಒಂದು, ವಾಟ್ಸಾಪ್‌ಗೆ ಒಂದು, ಇನ್‌ಸ್ಟಾಗ್ರಾಂಗೆ ಒಂದು. ಮಟೊಮೊ ಅದನ್ನೇ ಓದಿಕೊಳ್ಳುತ್ತದೆ, ಮತ್ತೆ ಬದಲಿಸಬೇಕಾಗಿಲ್ಲ. ಯುಟಿಎಂನ ಮೊದಲ ಅಕ್ಷರ ಅರ್ಚಿನ್ ಅನ್ನೋ ಕಂಪನಿಯದು. 2005ರಲ್ಲಿ ಗೂಗಲ್ ಅದನ್ನು ಕೊಂಡೇ ಅನಾಲಿಟಿಕ್ಸ್ ಶುರುಮಾಡಿದ್ದು.

ಒಂದು ಎಚ್ಚರಿಕೆ. ಸೈಟಿನ ಒಳಗಿನ ಲಿಂಕುಗಳಿಗೆ ಯುಟಿಎಂ ಹಾಕಬೇಡಿ. ಮಟೊಮೊ ಪ್ರತಿ ಸಲ ಹೊಸ ಭೇಟಿ ಅಂತ ಎಣಿಸುತ್ತದೆ.

ತದಡಿ_ದೋಣಿ
ಅಯ್ಯೋ, ಮುಖಪುಟದ ಬ್ಯಾನರ್‌ಗಳಿಗೆ ಹಿಂದಿನವರು ಯುಟಿಎಂ ಹಾಕಿದ್ದು ಹಾಗೇ ಇದೆ! ಉಳಿದ ವ್ಯತ್ಯಾಸ ಇಲ್ಲೇ ಇರಬೇಕು. ತೆಗೀತೇನೆ.

ಬಂದರು_ಬುದ್ಧಿ
ಮುಂಗಡ ಕಟ್ಟಿದವರು ಪೇಮೆಂಟ್ ಪುಟಕ್ಕೆ ಹೋಗಿ ವಾಪಸ್ ಬಂದಾಗ, ಆ ಪೇಮೆಂಟ್ ಸೈಟೇ ಅವರನ್ನು ಕಳಿಸಿದ ಹಾಗೆ ಲೆಕ್ಕ ಆಗುತ್ತದೆ, ಅದನ್ನೂ ನೋಡಿ. ಜಿಎ4ನಲ್ಲಿ ಬೇಡದ ರೆಫರಲ್‌ಗಳ ಪಟ್ಟಿಗೆ ಹಾಕಬೇಕು. ಮಟೊಮೊದಲ್ಲೂ ಹಾಗೆ ಹೊರಗಿಡುವ ಸೆಟ್ಟಿಂಗ್ ಇದೆ. ನಾನು ಜಿಎ4 ಪರ ಆದರೂ ಇಷ್ಟು ಹೇಳ್ತೇನೆ.

ಸುಮ್ನೆ_ಓದ್ತೇನೆ
ನನ್ನದೊಂದು ಸಂಶಯ. ನಾನು ಕಾರವಾರದಲ್ಲೇ ಕೂತು ನಮ್ಮ ಸೈಟ್ ತೆರೆದರೆ ವರದಿಯಲ್ಲಿ ಮುಂಬಯಿ ಅಂತ ಬರುತ್ತದೆ. ಯಾಕೆ?

ಕಾಳಿ_ಸೇತುವೆ
ಊರು ತಿಳಿಯೋದು ಐಪಿ ವಿಳಾಸದಿಂದ. ಮೊಬೈಲ್ ನೆಟ್‌ವರ್ಕಿನ ಐಪಿಗಳು ದೊಡ್ಡ ಊರಿನ ಗೇಟ್‌ವೇ ಹೆಸರಿನಲ್ಲಿ ಇರುತ್ತವೆ. ದೇಶ ನಂಬಬಹುದು, ಊರು ನಂಬಬೇಡಿ. ಮುಂಬಯಿಯವರು ತುಂಬಾ ಬರ್ತಾರೆ ಅಂತ ಮರಾಠಿ ಪುಟ ಮಾಡಿಸಿದವರು ನನಗೆ ಗೊತ್ತು. ಬಂದವರು ಸದಾಶಿವಗಡದವರು!

ಅಪ್ಪೆಮಿಡಿ
ಸದಾಶಿವಗಡದವರಿಗೆ ಮರಾಠಿ ಬರ್ತದೆ ಬಿಡಿ, ದುಡ್ಡು ದಂಡ ಆಗಲಿಲ್ಲ.

ಗುಡೇಅಂಗಡಿ
ನಮ್ಮ ಸಂಘದ ಅಧ್ಯಕ್ಷರದ್ದು ಇನ್ನೊಂದು ಕತೆ. ಹೋಸ್ಟಿಂಗ್ ಜೊತೆಗೆ ಬಂದ ಎಡಬ್ಲ್ಯೂಸ್ಟ್ಯಾಟ್ಸ್ ತೆರೆದು "ತಿಂಗಳಿಗೆ ಲಕ್ಷಗಟ್ಟಲೆ ಹಿಟ್ಸ್" ಅಂತ ಸಭೆಯಲ್ಲಿ ಹೇಳಿದರು. ಚಪ್ಪಾಳೆ. ನಮ್ಮ ಮುಖಪುಟದಲ್ಲಿ ಫೋಟೊಗಳೇ ಒಂದು ರಾಶಿ ಇವೆ. ಒಬ್ಬ ಒಮ್ಮೆ ತೆರೆದರೆ ಪ್ರತಿ ಫೋಟೊಗೂ ಒಂದು ಹಿಟ್. ಊಟದ ಮನೆಯಲ್ಲಿ ತಲೆ ಎಣಿಸೋದು ಬಿಟ್ಟು ಬಡಿಸಿದ ಅನ್ನದ ಅಗುಳು ಎಣಿಸಿದ ಹಾಗಾಯಿತು. ಅದರ ಮೇಲೆ ಬಾಟ್‌ಗಳು, ಅಂದರೆ ಮನುಷ್ಯರಲ್ಲದೆ ತಾವೇ ಸೈಟ್ ತೆರೆಯುವ ಪ್ರೋಗ್ರಾಂಗಳು. ಜಾವಾಸ್ಕ್ರಿಪ್ಟ್ ಓಡಿಸದ ಬಾಟ್‌ಗಳು ಜಿಎ4, ಮಟೊಮೊ ಟ್ಯಾಗಿಗೆ ಸಿಗೋದಿಲ್ಲ, ಸರ್ವರ್ ಲಾಗಿನಲ್ಲಿ ಮಾತ್ರ ಇರುತ್ತವೆ. ಈಗ ಎಐ ಕಂಪನಿಗಳ ಬಾಟ್‌ಗಳೂ ಸೇರಿ ಆ ಅಂಕಿ ಇನ್ನೂ ಉಬ್ಬಿದೆ. ಅಧ್ಯಕ್ಷರಿಗೆ ಮಟೊಮೊ ತೋರಿಸೋಕೆ ನನಗೆ ಧೈರ್ಯ ಇಲ್ಲ.

ನೇತ್ರಾಣಿ_ನೀರು
ಇದೇ ಕೆಲಸದ ಪ್ಲಾಸಿಬಲ್ ಅನ್ನೋ ಟೂಲ್ ಯಾರೂ ಹೇಳಲಿಲ್ಲ? ಒಂದೇ ಪುಟ, ಎಲ್ಲ ಅಲ್ಲೇ. ಸ್ಕ್ರಿಪ್ಟ್ ತುಂಬಾ ಹಗುರ. ಕುಕೀ ಇಲ್ಲ. ಹಿರಿಯರಿಗೂ ಅರ್ಥವಾಗುತ್ತದೆ.

ದೇವಿಮನೆ_ತಿರುವು
ಒಳ್ಳೆಯದೇ. ಸುದ್ದಿ ಸೈಟಿಗೆ ನಾನು ಅದನ್ನೇ ಹೇಳ್ತೇನೆ. ಆದರೆ ಅದು ನೋಡುಗರ ಗುರುತನ್ನು ದಿನಕ್ಕೊಮ್ಮೆ ಅಳಿಸುತ್ತದೆ. ಇವತ್ತು ಬಂದವನು ನಾಳೆ ಬಂದರೆ ಹೊಸಬ. ಹೋಂಸ್ಟೇ ಹುಡುಕುವವರು ಒಂದೇ ದಿನದಲ್ಲಿ ಬುಕ್ ಮಾಡೋದಿಲ್ಲ ಅಲ್ವಾ? ಗಂಡ ನೋಡ್ತಾನೆ, ಹೆಂಡತಿಗೆ ಕಳಿಸ್ತಾನೆ, ರಜೆ ಸಿಕ್ಕ ಮೇಲೆ ವಾರ ಬಿಟ್ಟು ಮತ್ತೆ ನೋಡ್ತಾನೆ. ಆ ಸರಪಳಿ ಪ್ಲಾಸಿಬಲ್‌ನಲ್ಲಿ ಸಿಗೋದಿಲ್ಲ. ಐಫೋನಿನವರದ್ದು ಮಟೊಮೊದಲ್ಲೂ ಅಷ್ಟಕ್ಕಷ್ಟೇ. ಸಫಾರಿ ಅಂಥ ಕುಕೀಗಳನ್ನು ಏಳು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳೋದಿಲ್ಲ.

ಅಡಿಕೆ_ಚೀಲ
ಮಳೆಗಾಲದಲ್ಲಿ ಕರೆಂಟ್ ಹೋದರೆ ಸ್ವಂತ ಸರ್ವರಿನ ಗತಿ ಏನು? ನಮ್ಮಲ್ಲಿ ಜುಲೈ ಪೂರ್ತಿ ಬರೋದು ಹೋಗೋದೇ.

ಕಾಳಿ_ಸೇತುವೆ
ಸರ್ವರ್ ತೋಟದ ಮನೆಯಲ್ಲಿ ಇಡೋದಲ್ಲ ಭಾವ, ಡೇಟಾ ಸೆಂಟರಿನಲ್ಲಿ ಬಾಡಿಗೆಗೆ ತಗೊಳ್ಳೋದು. ಕರೆಂಟ್ ಚಿಂತೆ ಇಲ್ಲ, ಆದರೆ ನೋಡಿಕೊಳ್ಳುವ ಚಿಂತೆ ಇದೆ. ತಿಂಗಳಿಗೆ ಒಂದು ಲಕ್ಷ ಪುಟವೀಕ್ಷಣೆ ಒಳಗಿದ್ದರೆ ಎರಡು ಸಿಪಿಯು, ಎರಡು ಜಿಬಿ ರ್‍ಯಾಮ್, 50 ಜಿಬಿ ಡಿಸ್ಕ್ ಸಾಕು ಅಂತ ಮಟೊಮೊದವರೇ ಹೇಳ್ತಾರೆ. ವರದಿ ಕಟ್ಟುವ ಕೆಲಸವನ್ನು ಕ್ರಾನ್‌ಗೆ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಸರ್ವರ್ ವ್ಯವಸ್ಥೆಗೆ) ವಹಿಸಿ, ಬ್ರೌಸರಿನಿಂದ ಶುರುವಾಗೋದನ್ನು ನಿಲ್ಲಿಸಿ. ಇಲ್ಲದಿದ್ದರೆ ಯಾರೋ ಇಡೀ ವರ್ಷದ ವರದಿ ಕೇಳಿದ ಕ್ಷಣ ಸರ್ವರ್ ಏದುಸಿರು ಬಿಡುತ್ತದೆ. ಡೇಟಾಬೇಸ್ ಬ್ಯಾಕಪ್ ಬೇರೆ ಕಡೆ ಇಡಿ. ಅಪ್‌ಡೇಟ್ ಬಂದಾಗ ಹಾಕಿ. ಇದನ್ನು ಮಾಡುವವರು ಯಾರು ಅಂತ ಸಭೆಯಲ್ಲೇ ತೀರ್ಮಾನ ಆಗಲಿ.

ಮಾರಿಗುಡಿ_ಬೀದಿ
ಲೆಕ್ಕ ನಮ್ಮ ಸರ್ವರಿನಲ್ಲೇ ಇದ್ದರೆ ಕಾನೂನಿನ ತಲೆಬಿಸಿ ಇಲ್ಲ, ಅದೊಂದು ನೆಮ್ಮದಿ.

ಹೊನ್ನಾವರ_ಅಕ್ಕ
ತಿರುಗಾಮುರುಗಾ ಹೇಳಿದ್ರಿ. ನಮ್ಮ ಹತ್ತಿರ ಇದ್ದರೆ ಜವಾಬ್ದಾರಿ ಇನ್ನೂ ಜಾಸ್ತಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ, ಅದರ ನಿಯಮಗಳೂ 2025ರ ನವೆಂಬರಿನಲ್ಲಿ ಬಂದವು, ಹಂತ ಹಂತವಾಗಿ ಜಾರಿ. ಮಟೊಮೊದಲ್ಲಿ ಐಪಿಯ ಕೊನೆಯ ಭಾಗ ಮರೆಮಾಡುವ ಸೆಟ್ಟಿಂಗ್ ಇದೆ, ಅದು ಚಾಲೂ ಇದ್ಯಾ ನೋಡಿ. ಅದಕ್ಕಿಂತ ಮುಖ್ಯ ನಿಮ್ಮ ವಿಚಾರಣೆ ಫಾರ್ಮ್. ತುಂಬಿ ಕಳಿಸಿದ ಮೇಲೆ ಬ್ರೌಸರಿನ ಮೇಲಿನ ವಿಳಾಸದ ಪಟ್ಟಿಯಲ್ಲಿ ಹೆಸರು, ಫೋನ್ ನಂಬರ್ ಕಾಣ್ತದಾ? ಕಂಡರೆ ಅದು ಪುಟದ ವಿಳಾಸದ ಜೊತೆ ಸೀದಾ ಅನಾಲಿಟಿಕ್ಸ್‌ಗೆ ಹೋಗ್ತಿದೆ. ಗೂಗಲ್‌ಗೂ, ಮಟೊಮೊಗೂ.

ತದಡಿ_ದೋಣಿ
ಫಾರ್ಮ್ ನೋಡಿದೆ, ನಂಬರ್ ಕಾಣೋದಿಲ್ಲ. ದೇವರು ದೊಡ್ಡವನು. ಐಪಿ ಮರೆಮಾಡೋದು ಚಾಲೂ ಇದೆ.

ಸಭೆಯೂ ಆಯಿತು. ಭೇಟಿಗಳ ಅಂಕಿ ಹೇಳಲೇ ಇಲ್ಲ. ವಾಟ್ಸಾಪ್ ಬಟನ್ ಎಷ್ಟು ಸಲ ಒತ್ತಿದ್ದಾರೆ ಅಂತ ಮಾತ್ರ ಹೋಂಸ್ಟೇವಾರು ಹೇಳಿದೆ. ಅದು ಎರಡು ಕಡೆಯೂ ಹೆಚ್ಚುಕಮ್ಮಿ ಒಂದೇ ಬಂತು. ಒಬ್ಬರು ತಮ್ಮ ವಾಟ್ಸಾಪ್ ತೆರೆದು ಬಂದ ಮೆಸೇಜ್ ಎಣಿಸಿ ನೋಡಿದರು. ಒತ್ತಿದವರಲ್ಲಿ ಸುಮಾರು ಜನ ಮೆಸೇಜ್ ಕಳಿಸದೆ ಹೋಗಿದ್ದಾರೆ. ಈಗ ಚರ್ಚೆ ಅಲ್ಲಿಗೆ ತಿರುಗಿದೆ. ಬಟನ್ ಒತ್ತಿದರೆ ಇಂಗ್ಲಿಷಿನಲ್ಲಿ ಉದ್ದದ ಮೆಸೇಜ್ ತಾನೇ ತುಂಬಿಕೊಳ್ಳುತ್ತದೆ, ಅದೇ ಕಾರಣ ಅಂತ ಒಬ್ಬರ ವಾದ.

ಬಂದರು_ಬುದ್ಧಿ
ಅದನ್ನು ತಾರೀಕು, ಎಷ್ಟು ಜನ ಅಂತ ಎರಡೇ ಸಾಲು ಮಾಡಿ ನೋಡಿ. ಜಿಎ4 ತೆಗೆಯೋದು ಯಾವಾಗ ಅಂತ ತೀರ್ಮಾನ ಆಯ್ತಾ?

ತದಡಿ_ದೋಣಿ
ಡಿಸೆಂಬರ್ ರಜೆ ಮುಗಿಯುವವರೆಗೆ ಎರಡೂ ಇರಲಿ ಅಂದರು. ಆಮೇಲೆ ಟ್ಯಾಗ್ ತೆಗೀತೇವೆ.

ಕಾಳಿ_ಸೇತುವೆ
ಟ್ಯಾಗ್ ಮಾತ್ರ ತೆಗೀರಿ, ಪ್ರಾಪರ್ಟಿ (ಜಿಎ4 ಒಳಗೆ ನಿಮ್ಮ ಸೈಟಿನ ಲೆಕ್ಕ ಇರುವ ಜಾಗ) ಅಳಿಸಬೇಡಿ. ಕಸದ ಬುಟ್ಟಿಗೆ ಹಾಕಿದರೆ 35 ದಿನದ ಮೇಲೆ ಪೂರ್ತಿ ಹೋಗುತ್ತದೆ. ಮತ್ತೆ ಆ ಖಾತೆ ಯಾರ ಜಿಮೇಲ್‌ನಲ್ಲಿದೆ ನೋಡಿಕೊಳ್ಳಿ. ಸೈಟ್ ಮಾಡಿಕೊಟ್ಟವರ ಹೆಸರಿನಲ್ಲೇ ಇದ್ದರೆ ಈಗಲೇ ನಿಮ್ಮದನ್ನು ಅಡ್ಮಿನ್ ಮಾಡಿಸಿ.

ಸುಮ್ನೆ_ಓದ್ತೇನೆ
ನನ್ನದು ಬ್ಲಾಗರ್ ಸೈಟ್. ಮಟೊಮೊ ಹಾಕಬಹುದಾ?

ಹೊನ್ನಾವರ_ಅಕ್ಕ
ಹಾಕಬಹುದು. ಮಟೊಮೊ ಬೇರೆ ಸರ್ವರಿನಲ್ಲಿ ಇರಬೇಕು. ಅದು ಕೊಡುವ ಕೋಡನ್ನು ಬ್ಲಾಗರ್ ಥೀಮಿನ ಎಚ್‌ಟಿಎಂಎಲ್‌ನಲ್ಲಿ ಹೆಡ್ ಮುಗಿಯುವ ಮೊದಲು ಅಂಟಿಸಿ. ಟೈಮ್ ಝೋನ್ ಮೊದಲೇ ಆರಿಸಿ ಮತ್ತೆ!